ರಾಯಣ್ಣ ಏಕಾಗಬಾರದು?

ಕಳೆದ ತಿಂಗಳು ಡೊಂಬಿವಲಿ ಪೂರ್ವದಲ್ಲಿ ಪರಿಚಯದವರ ಮನೆಯ ನಾಮಕರಣಕ್ಕೆ ಹೋಗಿದ್ದೆ. ಮೂಲತಃ ವಿಜಾಪುರದ ಕಡೆಯವರು. ಮೂರು ತಲೆಮಾರಿನಿಂದ ಇಲ್ಲಿದ್ದಾರೆ. ತೊಟ್ಟಿಲು ಸಿಂಗಾರವಾಗಿತ್ತು. ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಉಸುರಿದ್ದಾಯಿತು, ಎಲ್ಲರಿಗೂ ಕೇಳುವಂತೆ ಸಾರಿದ್ದೂ ಆಯಿತು. "ರೇಯಾಂಶ್!"

ಮೂಲೆಯಲ್ಲಿ ಕುಳಿತಿದ್ದ ಮುತ್ತಜ್ಜಿಗೆ ಕಿವಿ ಸ್ವಲ್ಪ ಮಂದ. "ರಾಯಣ್ಣ ಅಂತೇನ? ಛಲೋ ಹೆಸರ ಇಟ್ಟೀರಿ ಬಿಡ್ರಿ" ಎಂದರು. ಮನೆಯೆಲ್ಲ ನಗೆಯೋ ನಗೆ. ಕೂಸಿನ ತಂದೆ ಬಗ್ಗಿ, "ರಾಯಣ್ಣ ಅಲ್ಲಬೇ, ರೇಯಾಂಶ್" ಎಂದು ತಿದ್ದಿದ.

"ಹಂಗಂದ್ರ ಏನೋ?"

"ಬೆಳಕಿನ ಕಿರಣ ಅಂತ. ವಿಷ್ಣುವಿನ ಅಂಶ ಅಂತನೂ ಐತಿ."

"ಎರಡರಾಗ ಯಾವುದು?"

ಆತನ ಬಳಿ ಉತ್ತರವಿರಲಿಲ್ಲ. ಮೊಬೈಲು ತೆಗೆದು ತೋರಿಸಿದ. ಅಜ್ಜಿಗೆ ಓದಲು ಬಾರದು. ಅಲ್ಲಿಗೆ ವಾದ ಮುಗಿಯಿತು, ಎಲ್ಲರೂ ಊಟಕ್ಕೆ ಎದ್ದರು. ಆದರೆ ಅಂದು ಆ ಮನೆಯಲ್ಲಿ ಸರಿಯಾದ ಪ್ರಶ್ನೆ ಕೇಳಿದವರು ಆ ಅಜ್ಜಿ ಒಬ್ಬರೇ ಎಂದು ನನಗೆ ಇನ್ನೂ ಅನ್ನಿಸುತ್ತಿದೆ.

ಬೆಳಕಿನ ಕಿರಣ ಎಲ್ಲಿಂದ ಬಂತು? 'ರೇ' ಎಂಬುದು ಇಂಗ್ಲಿಷಿನ ಕಿರಣ, 'ಅಂಶ' ಸಂಸ್ಕೃತದ ಭಾಗ. ಕೋಟಿನ ಕೆಳಗೆ ಪಂಚೆ ಉಟ್ಟಂತೆ ಎರಡನ್ನೂ ಹೊಲಿದು, ಮೇಲೆ ವಿಷ್ಣುವಿನ ಮುದ್ರೆ ಒತ್ತಿದ್ದಾರೆ. ಹೊಲಿಯಲಿ, ಬೇಡವೆನ್ನುವುದಿಲ್ಲ, ಆದರೆ ಅದು ವೇದಕಾಲದ ಹೆಸರೆಂದು ಮಾರುವುದೇಕೆ? 'ಕಿಯಾರಾ' ಇನ್ನೊಂದು. ಇಟಲಿಯ ಕಿಯಾರಾ ಎಂದರೆ ಸ್ವಚ್ಛ, ಬೆಳಕು. ಐರ್ಲೆಂಡಿನ ಕೀರಾ ಎಂದರೆ ಕಪ್ಪು. ನಮ್ಮವರು ಇಟ್ಟದ್ದು ಹಗಲನ್ನೋ ರಾತ್ರಿಯನ್ನೋ, ಅವರೇ ಹೇಳಬೇಕು. 'ಮೈರಾ' ಎಂಬುದು ಫುಲ್ಕ್ ಗ್ರೆವಿಲ್ ಎಂಬ ಇಂಗ್ಲಿಷ್ ಕವಿ ತನ್ನ ಕಾವ್ಯದ ನಾಯಕಿಗೆಂದು ಕಟ್ಟಿದ ಹೆಸರು. ಎಲ್ಲವೂ ಸುಳ್ಳೆಂದು ನಾನು ಹೇಳುತ್ತಿಲ್ಲ. 'ವಿಹಾನ್' ಎಂದರೆ ಬೆಳಗು ಎಂಬುದು ನಿಜ. ಉತ್ತರದ ಹಳ್ಳಿಗಳಲ್ಲಿ ಇಂದಿಗೂ ಬೆಳಗಿಗೆ ಬಿಹಾನ್ ಎನ್ನುತ್ತಾರೆ. ಅಂಥದ್ದನ್ನು ಇಟ್ಟವರ ಮೇಲೆ ನನ್ನ ತಕರಾರಿಲ್ಲ.

ಇನ್ನೊಬ್ಬರ ಮನೆಯ ಮಾತು ಸಾಕು. ನನ್ನ ಮನೆಯದನ್ನೂ ಹೇಳಬೇಕು. ನನ್ನ ಮಗನ ಹೆಸರು ಆರವ್. ಪುಸ್ತಕದ ಅಂಗಡಿಯಲ್ಲಿ ಕೊಂಡ ಚೋಪಡಿಯಲ್ಲಿ 'ಶಾಂತ' ಎಂಬ ಅರ್ಥ ನೋಡಿ ಇಟ್ಟೆ. ಹತ್ತು ವರ್ಷಗಳ ನಂತರ ಒಂದು ದಿನ ಸಂಸ್ಕೃತ ನಿಘಂಟು ತೆರೆದರೆ ಆರವ ಎಂದರೆ ಶಬ್ದ, ಕೂಗು, ಗದ್ದಲ! ಕಲರವ, ಘಂಟಾರವ ಎಂದು ದಿನವೂ ಅನ್ನುವ ನನಗೆ 'ರವ' ಎಂದರೇನೆಂದು ಹೊಳೆಯದೆ ಹೋಯಿತಲ್ಲ! ಹುಡುಗನ ಸ್ವಭಾವಕ್ಕೆ ನಿಘಂಟೇ ಸರಿಯಾಗಿ ಹೊಂದುತ್ತದೆ ಎಂದು ಮನೆಯಾಕೆ ನಗುತ್ತಾಳೆ. ಅಪರೂಪದ ಹೆಸರೆಂದು ಇಟ್ಟದ್ದು. ಅವನ ತರಗತಿಯಲ್ಲಿ ಮೂವರು ಆರವರಿದ್ದರು.

ಅರ್ಥವಿಲ್ಲದ ಹೆಸರು ಇಡಬಾರದೆಂದು ಶಾಸ್ತ್ರವೂ ಹೇಳುವುದಿಲ್ಲ. ಸಂಸ್ಕೃತ ವೈಯಾಕರಣರು ಇಂಥವಕ್ಕೆ ಯದೃಚ್ಛಾಶಬ್ದ ಎಂದೇ ಹೆಸರಿಟ್ಟು ಡಿತ್ಥ, ಡವಿತ್ಥ ಎಂಬ ಉದಾಹರಣೆ ಕೊಟ್ಟರು. ತಾಯಿತಂದೆ ಮನಸ್ಸಿಗೆ ಬಂದಂತೆ ಕರೆದ ಹೆಸರು, ಅಷ್ಟೆ. ಆದರೆ ಡಿತ್ಥ ಎಂದರೆ ಸೂರ್ಯನ ಮೊದಲ ಕಿರಣ ಎಂದು ಅವರು ಬರೆಯಲಿಲ್ಲ. ನಾನು ಓದಿದ್ದು ರಸಾಯನಶಾಸ್ತ್ರ. ತಪ್ಪು ಅರ್ಥದ ಹೆಸರು ಎಷ್ಟು ಗಟ್ಟಿಯಾಗಿ ಅಂಟುತ್ತದೆಂದು ಬಲ್ಲೆ. ಎಲ್ಲ ಆಮ್ಲಗಳಲ್ಲೂ ಆ ಅನಿಲ ಇದೆಯೆಂದು ಭ್ರಮಿಸಿ ಫ್ರಾನ್ಸಿನ ಲವಾಸಿಯೆ ಅದಕ್ಕೆ 'ಆಮ್ಲ ಹುಟ್ಟಿಸುವುದು' ಎಂಬ ಅರ್ಥದ ಹೆಸರಿಟ್ಟ. ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಅದು ಇಲ್ಲವೇ ಇಲ್ಲವೆಂದು ಆಮೇಲೆ ತಿಳಿಯಿತು. ಆದರೂ ಕನ್ನಡದ ಮಕ್ಕಳು ಇಂದಿಗೂ ಆಮ್ಲಜನಕವನ್ನೇ ಉಸಿರಾಡುತ್ತಿದ್ದಾರೆ.

ಇಷ್ಟಕ್ಕೂ ನಾವು ಚೋಪಡಿಯ ಅಂಗಡಿಗೆ ಹೋಗುವುದೇಕೆ? ನನ್ನ ಉತ್ತರ ಕಹಿಯಾದೀತು: ನಾಚಿಕೆಗಾಗಿ. 1966ರ ನಂತರದ ಕೆಲವು ವರ್ಷ ಈ ನಗರದಲ್ಲಿ ದಕ್ಷಿಣದವರ ವಿರುದ್ಧ ಎದ್ದ ಗಾಳಿಯನ್ನು ಹಿರಿಯರು ಮರೆತಿಲ್ಲ. ಹೆಸರಿನ ಕೊನೆಯ ಅಪ್ಪ, ಅಣ್ಣ, ಅವ್ವಗಳು ಶಾಲೆಯ ಹಾಜರಿಪಟ್ಟಿಯಲ್ಲಿ ನಗೆಗೀಡಾದವು. ನಮ್ಮ ತಂದೆಯ ಹೆಸರು ತಿಪ್ಪಣ್ಣ. ಈ ರಾಜ್ಯದಲ್ಲಿ ಮಗನ ಹೆಸರಿನ ನಡುವೆ ತಂದೆಯ ಹೆಸರು ಬಂದೇ ಬರುತ್ತದಲ್ಲ. 'ಟಿ' ಎಂದರೇನೆಂದು ಗೆಳೆಯರು ಕೇಳಿದರೆ ತ್ರ್ಯಂಬಕ ಎಂದು ಹೇಳಿಬಿಡುತ್ತಿದ್ದೆ.

ತಿಪ್ಪಣ್ಣನ ಅರ್ಥ ಯಾವ ಚೋಪಡಿಯಲ್ಲೂ ಇಲ್ಲ, ನಮ್ಮ ಅಜ್ಜಿಯ ಬಾಯಲ್ಲಿತ್ತು. ಮೊದಲೆರಡು ಕೂಸುಗಳು ಉಳಿಯಲಿಲ್ಲ. ಮೂರನೆಯದನ್ನು ತಿಪ್ಪೆಯ ಮೇಲೆ ಉರುಳಿಸಿ, ಇದು ಕಸ, ಇದರ ಮೇಲೆ ಯಾರೂ ಕಣ್ಣು ಹಾಕಬೇಡಿ ಎಂದು ಸಾವಿಗೇ ಸುಳ್ಳು ಹೇಳಿ ಉಳಿಸಿಕೊಂಡರು. ಕಲ್ಲಪ್ಪ, ಗುಂಡಪ್ಪಗಳ ಹಿಂದೆ ಎಷ್ಟೋ ಮನೆಗಳಲ್ಲಿ ಇದೇ ಕಥೆ. ತಂದೆಯವರ ಮಿಲ್ಲಿನ ಪಾಳಿಯಲ್ಲೇ ಧೋಂಡು, ದಗಡು ಎಂಬ ಮರಾಠಿ ಜೊತೆಗಾರರಿದ್ದರು. ಎರಡಕ್ಕೂ ಕಲ್ಲು ಎಂದೇ ಅರ್ಥ. ಅವರು ಮೂವರೂ ಒಬ್ಬರನ್ನೊಬ್ಬರು ನೋಡಿ ನಾಚಲಿಲ್ಲ. ನಾಚಿದವನು ಬಿ.ಎಸ್ಸಿ. ಓದಿದ ನಾನು. ಹಾಗೆಂದು ಹಳೆಯದೆಲ್ಲ ಒಳ್ಳೆಯದೆಂದು ಹೊಗಳಲಾರೆ. ಹೆಣ್ಣು ಹುಟ್ಟಿದ ಬೇಸರಕ್ಕೆ 'ನಕುಶಾ', ಅಂದರೆ ಬೇಡವಾದವಳು, ಎಂದು ಕರೆಸಿಕೊಂಡಿದ್ದ 285 ಹುಡುಗಿಯರಿಗೆ ಸಾತಾರಾ ಜಿಲ್ಲೆಯಲ್ಲಿ 2011ರಲ್ಲಿ ಹೊಸ ಹೆಸರಿಟ್ಟರು. ಅಂಥ ಹೆಸರು ಹೋಗಬೇಕಾದದ್ದೇ.

ಈಗ ಅಜ್ಜಿಯ ರಾಯಣ್ಣನಿಗೆ ಬರೋಣ. ರಾಜ ಎಂಬುದನ್ನು ಕನ್ನಡದ ನಾಲಿಗೆ ರಾಯ ಎಂದು ಮಾಡಿಕೊಂಡಿತು. ವೃಷಭ ಬಸವನಾದ, ರತ್ನ ರನ್ನವಾಯಿತು, ಬ್ರಹ್ಮ ಬೊಮ್ಮನಾದ, ವಿಷ್ಣು ಬಿಟ್ಟಿಯಾದ, ವಿನಾಯಕ ಬೆನಕನಾದ, ಶ್ರೀ ಸಿರಿಯಾದಳು. ರಾಷ್ಟ್ರಕೂಟರ ಕೃಷ್ಣನನ್ನು ಶಾಸನಗಳು ಕನ್ನರ ಎನ್ನುತ್ತವೆ. ಹದಿಮೂರನೆಯ ಶತಮಾನದ ಕೇಶಿರಾಜ ಇಂಥ ತದ್ಭವಗಳಿಗೆಂದೇ ವ್ಯಾಕರಣದಲ್ಲಿ ಒಂದು ಪ್ರಕರಣ ಬರೆದ. ರನ್ನ, ಕನ್ನರ, ಬೆನಕ, ಸಿರಿ: ಎರಡು ಮೂರು ಅಕ್ಷರ, ಯಾವ ಅಜ್ಜಿಯ ನಾಲಿಗೆಗೂ ತೊಡಕಿಲ್ಲ, ತರಗತಿಯಲ್ಲಿ ಇನ್ನೊಬ್ಬ ಸಿಗುವುದೂ ಕಷ್ಟ. ಅಪರೂಪ ಬೇಕೆನ್ನುವವರಿಗೆ ಇನ್ನೇನು ಬೇಕು ಸ್ವಾಮಿ? ರಾಯಣ್ಣನಂತೂ 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿಯವನ ಹೆಸರು. ಅದಕ್ಕೆ ನಗುವಂಥದ್ದು ಏನಿದೆ?

"ಇಲ್ಲಿ ಮರಾಠಿ ನೆಲದಲ್ಲಿ ಕನ್ನಡದ ಹೆಸರು ಹೊಂದುವುದಿಲ್ಲ" ಎನ್ನುವವರು ಒಂದು ಭಾನುವಾರ ಕಲ್ಯಾಣದಿಂದ ಮೂರು ಸ್ಟೇಷನ್ ಮುಂದೆ ಅಂಬರನಾಥಕ್ಕೆ ಹೋಗಿಬರಲಿ. ಅಲ್ಲಿನ ಶಿವಾಲಯದ ಶಾಸನ ಶಕ 982ರದು, ಅಂದರೆ 1060. ಥಾಣೆಯನ್ನು ಆಳಿದ ಶಿಲಾಹಾರರ ಮುಮ್ಮುನಿಯ ಕಾಲ. ಈ ಮನೆತನ ಮೊದಲು ರಾಷ್ಟ್ರಕೂಟರ ಮಾಂಡಲಿಕರು. ಸಂಸ್ಕೃತದ ತಾಮ್ರಪಟಗಳ ನಡುವೆ ಇವರ ಬಿರುದುಗಳು ಮಾತ್ರ ಅಚ್ಚ ಕನ್ನಡದಲ್ಲಿ ಇಣುಕುತ್ತವೆ. ಅವುಗಳಲ್ಲೊಂದು ನನ್ನಿಸಮುದ್ರ. ನನ್ನಿ ಎಂದರೆ ಹಳಗನ್ನಡದಲ್ಲಿ ಸತ್ಯ. ಹೆಣ್ಣು ಕೂಸಿಗೆ ನನ್ನಿ ಎಂದಿಟ್ಟರೆ ಹೇಗೆ? ನೆರೆಯ ಹಿಂದಿಯವರು ಪುಟ್ಟವಳು ಎಂದುಕೊಂಡು ಮುದ್ದಿಸಿಯಾರು. ಹೆಣ್ಣಿನ ಹೆಸರು ಸುಲಭವಾಗಿ ಉಚ್ಚರಿಸುವಂತೆ, ಅರ್ಥ ಸ್ಪಷ್ಟವಾಗಿರುವಂತೆ ಇರಬೇಕೆಂದು ಮನುವೂ ಹೇಳಿದ್ದಾನೆ. (ನದಿ, ಮರ, ನಕ್ಷತ್ರದ ಹೆಸರಿನವಳನ್ನು ಮದುವೆಯಾಗಬೇಡ ಎಂದೂ ಅವನೇ ಹೇಳಿದ. ನಮ್ಮಲ್ಲಿ ಗಂಗೆ, ತುಳಸಿ, ರೋಹಿಣಿಯರಿಗೆಲ್ಲ ಮದುವೆಯಾಗಿದೆ.)

ಜಾತಕದ ಅಕ್ಷರದ ನೆಪ ಇನ್ನೊಂದು. ಅಶ್ವಿನಿಗೆ ಚು, ಚೆ, ಚೋ, ಲಾ ಸರಿ. ಆರ್ದ್ರೆಯ ಮೂರನೆಯ ಪಾದಕ್ಕೆ ಙ, ಹಸ್ತದ ಮೂರನೆಯದಕ್ಕೆ ಣ ಬರುತ್ತದೆ. ಅದರಿಂದ ಆರಂಭವಾಗುವ ಹೆಸರನ್ನು ಯಾವ ಪುರೋಹಿತರು ತಂದಾರು? ನಕ್ಷತ್ರನಾಮ ಕಿವಿಯಲ್ಲೇ ಇರಲಿ, ಕರೆಯುವ ಹೆಸರು ಬೇರೆಯಿರಲಿ ಎಂಬ ಹಳೆಯ ಪದ್ಧತಿಯೇ ಜಾಣತನದ್ದು. ಸಂಖ್ಯಾಶಾಸ್ತ್ರಕ್ಕೆಂದು ಇಂಗ್ಲಿಷಿನಲ್ಲಿ ಎರಡು 'ಎ' ಜಾಸ್ತಿ ಸೇರಿಸುವವರಿಗೆ, ಸರ್ಕಾರಿ ಕಡತ ನೋಡಿಯೇ ಹೊಟ್ಟೆ ಹೊರೆಯುವ ನನ್ನ ಒಂದು ಮಾತು: ಒಂದು ಕಾಗದದಲ್ಲಿ ಎರಡು 'ಎ', ಇನ್ನೊಂದರಲ್ಲಿ ಒಂದೇ ಇದ್ದರೆ, ಅಫಿಡವಿಟ್ಟು, ರಾಜ್ಯಪತ್ರ ಎಂದು ಆ ಮಗು ಮುಂದೆ ಅಲೆಯಬೇಕಾದೀತು. 2023ರ ಅಕ್ಟೋಬರ್ 1ರ ನಂತರ ಹುಟ್ಟಿದವರಿಗೆ ಶಾಲೆ, ಮತದಾರರ ಪಟ್ಟಿ, ನೌಕರಿ ಎಲ್ಲಕ್ಕೂ ಜನನ ಪ್ರಮಾಣಪತ್ರವೇ ಆಧಾರ. ಇನ್ನು 2024ರ ಮೇ 1ರ ನಂತರ ಹುಟ್ಟಿದವರ ಹೆಸರಿನ ಪಕ್ಕ ಮೊದಲು ತಾಯಿಯ, ಆಮೇಲೆ ತಂದೆಯ ಹೆಸರು, ಕೊನೆಗೆ ಅಡ್ಡಹೆಸರು ಬರಬೇಕೆಂದು ಮಹಾರಾಷ್ಟ್ರ ಸರ್ಕಾರ ವಿಧಿಸಿದೆ. ತಾಯಿಯ ಹೆಸರು ಬಂದದ್ದು ಒಳ್ಳೆಯದೇ; ಅಂತೂ ಅಷ್ಟುದ್ದದ ಸಾಲಿನಲ್ಲಿ ಮಗುವಿನದೆಂದು ಉಳಿಯುವುದು ಒಂದೇ ಪದ.

ಆತುರವೂ ಬೇಕಿಲ್ಲ. ಜನನವನ್ನು ಹೆಸರಿಲ್ಲದೆ ನೋಂದಾಯಿಸಿ, ಹನ್ನೆರಡು ತಿಂಗಳೊಳಗೆ ಯಾವ ಶುಲ್ಕವೂ ಇಲ್ಲದೆ ಹೆಸರು ಸೇರಿಸಬಹುದು. ಅಷ್ಟರಲ್ಲಿ ಊರಿಗೊಮ್ಮೆ ಹೋಗಿ, ಮನೆಯ ಹಿರಿಯರನ್ನು ಕೂರಿಸಿಕೊಂಡು ಅಜ್ಜಮುತ್ತಜ್ಜರ ಹೆಸರುಗಳನ್ನು, ಅವು ಏಕೆ ಬಂದವೆಂಬುದನ್ನು ಒಂದು ವಹಿಯಲ್ಲಿ ಬರೆದುಕೊಳ್ಳಿ. ನಮ್ಮ ಸಂಘದವರು ಅಂಥ ವಹಿಯೊಂದನ್ನು ಕಾರ್ಯಾಲಯದ ಮೇಜಿನ ಮೇಲಿಟ್ಟರೆ ಮೊದಲ ಪುಟದಲ್ಲಿ ತಿಪ್ಪಣ್ಣನನ್ನು ನಾನೇ ಬರೆಯುತ್ತೇನೆ.

ಇದನ್ನು ಓದಿ ಆ ನಾಮಕರಣದ ಮನೆಯವರಿಗೆ ನನ್ನ ಮೇಲೆ ಸಿಟ್ಟು ಬರಬಹುದು. ಬರಲಿ. ಮಹಾನಗರಪಾಲಿಕೆಯಲ್ಲಿ ಕೂಸಿನ ಹೆಸರು ಇನ್ನೂ ಬರೆಸಿಲ್ಲವೆಂದು ಅವರೇ ಹೇಳಿದರು. ಮುತ್ತಜ್ಜಿಯಂತೂ ರಾಯಣ್ಣ ಎಂದೇ ಕರೆಯುತ್ತಿದ್ದಾರಂತೆ.