ಪೆಟ್ಟಿಗೆಯಲ್ಲಿ ದೊರೆತ ಹಾಡು

ಅಮೃತೂರಿನ ನಮ್ಮ ಹಿರಿಯರ ಮನೆಯಲ್ಲಿ ಹಳೆಯ ಟ್ರಂಕನ್ನು ತೆಗೆದಾಗ ಸೀರೆಗಳ ಅಡಿಯಲ್ಲಿ ಕ್ಯಾಸೆಟ್ಟೊಂದು ದೊರೆಯಿತು. ಸಿದ್ಧವಾಗಿ ಕೊಂಡುದಲ್ಲ, ಕುಣಿಗಲ್ಲಿನ ಅಂಗಡಿಗೆ ಚೀಟಿ ಬರೆದುಕೊಟ್ಟು, ಬೇಕಾದ ಹಾಡುಗಳನ್ನು ಖಾಲಿ ಸುರುಳಿಗೆ ತುಂಬಿಸಿ ತಂದುದು. ಫಿಲಿಪ್ಸ್ ಕಂಪೆನಿಯವರು 1963ರಲ್ಲಿ ಹೊರತಂದ ಈ ಸಾಧನವು 1980ರ ದಶಕದಲ್ಲಿ ನಮ್ಮ ಕಡೆಯ ಮನೆಗಳನ್ನೂ ಹೊಕ್ಕಿತು. ಅದಕ್ಕೆ ಮೊದಲು ಈ ಕೆಲಸ ಹೆಂಗಸರ ಹಾಡಿನ ಪುಸ್ತಕದ್ದು. ಹಸೆಯ ಹಾಡು, ಆರತಿಯ ಹಾಡು, ದಾಸರ ಪದ, ನಡುವೆ ನಾಚುತ್ತ ಬಂದು ಕುಳಿತ ಸಿನಿಮಾ ಹಾಡು. ಬರೆದವಳಿಗೆ ಒಪ್ಪಿದ ಕ್ರಮವೇ ಕ್ರಮ.

60 ನಿಮಿಷದ ಸುರುಳಿಗೆ ಮಗ್ಗುಲೊಂದಕ್ಕೆ 30 ನಿಮಿಷ. ಕೊನೆಯಲ್ಲಿ ಉಳಿದ ಎಡೆಯಲ್ಲಿ ಅಜ್ಜಿಯವರು ಹಸೆಗೆ ಕರೆಯುವ ಹಾಡನ್ನು ಹಾಡಿದ್ದರು. ಎರಡು ನುಡಿ ಕೇಳುವಷ್ಟರಲ್ಲಿ ಕ್ರಿಕೆಟ್ಟಿನ ವೀಕ್ಷಕ ವಿವರಣೆ ನುಗ್ಗಿತು. ಬಾಲ್ಯದಲ್ಲಿ ರೇಡಿಯೋದಿಂದ ಅದನ್ನು ತುಂಬಿದವರು ನಾವೇ! ಕ್ಯಾಸೆಟ್ಟಿನ ಬೆನ್ನಿನಲ್ಲಿ ಆ ಮಗ್ಗುಲಿಗೆ ಸೇರಿದ ಪುಟ್ಟ ಪ್ಲಾಸ್ಟಿಕ್ ಚೂರನ್ನು ಯಾರಾದರೂ ಮುರಿದಿದ್ದರೆ ಯಂತ್ರವು ನಮ್ಮನ್ನು ತಡೆಯುತ್ತಿದ್ದಿತು.

ಮನೆಯಲ್ಲಿ ಇಂತಹ ಸುರುಳಿಯುಳ್ಳ ಸೋದರಿಯರು, ಅದು ಅಂಟಿಕೊಂಡಿದ್ದರೆ ಎಳೆಯದೆ, ಬಲ್ಲವರಿಂದ ಕಂಪ್ಯೂಟರಿಗೆ ಇಳಿಸಿಕೊಳ್ಳಲಿ. ಸಿನಿಮಾ ಹಾಡುಗಳು ಬೇರೆಡೆಯೂ ದೊರೆತಾವು. ಚೀಟಿಯ ಮೇಲೆ ಹೆಸರಿಲ್ಲದ ಭಾಗವನ್ನೇ ಮೊದಲು ಕೇಳಿ ನೋಡಬೇಕು. ನಮ್ಮ ಚೀಟಿಯಲ್ಲಿ ಅಜ್ಜಿಯವರ ಹಾಡನ್ನು ಬರೆದೇ ಇರಲಿಲ್ಲ.

ಆ ಎರಡು ನುಡಿಗಳನ್ನು ಪ್ರತಿ ಮಾಡಿಸಿದ್ದೇವೆ. ಮುಂದಿನದನ್ನು ಸೋದರತ್ತೆಯವರು ನೆನಪಾದಷ್ಟು ಬರೆದು ಕಳುಹಿಸಿರುವರು. ನಾಲ್ಕನೆಯ ನುಡಿಯ ಕೊನೆಯ ಸಾಲು ಇನ್ನೂ ಖಾಲಿಯಿದೆ.