ಹೊಣೆಗೆ ಗೆರೆ ಎಳೆಯಬಹುದೇ?

ಮಂಗಳೂರಿನಲ್ಲಿ ಒಂದೇ ಸಭೆಗೆ ಸೇರಿದ ಇಬ್ಬರು ಯುವಕರು ಬೇಕರಿ ತೆರೆಯಲು ಹೊರಟಿದ್ದಾರೆ. ಹಳೆಯ ಕ್ರಮದ ಪಾಲುದಾರಿಕೆ ಮಾಡಿಕೊಳ್ಳಬೇಕೇ, ಇಲ್ಲ ಸೀಮಿತ ಹೊಣೆಯ ಪಾಲುದಾರಿಕೆ, ಅಂದರೆ ಎಲ್‌ಎಲ್‌ಪಿ ಮಾಡಿಕೊಳ್ಳಬೇಕೇ ಎಂದು ಮನೆಯಲ್ಲಿ ಮಾತು ಎದ್ದಿತು. ಹಳೆಯದರಲ್ಲಿ ಅಂಗಡಿಯ ಸಾಲಕ್ಕೆ ಪಾಲುದಾರರ ಮನೆ, ಜಮೀನೂ ಹೊಣೆ. ಎಲ್‌ಎಲ್‌ಪಿಯಲ್ಲಿ ಹಾಕಿದ ಬಂಡವಾಳದಾಚೆಗೆ ಹೊಣೆಯಿಲ್ಲ. ಕ್ರೈಸ್ತ ವಿಶ್ವಾಸಿ ಮೊದಲಿನದನ್ನೇ ಆರಿಸಿಕೊಳ್ಳಬೇಕು ಎಂಬುದು ಹುಡುಗರಲ್ಲೊಬ್ಬನ ಸೋದರಮಾವನ ವಾದ. ಅದನ್ನು ಒಪ್ಪದವರು ಆ ಹುಡುಗನ ತಾಯಿ.

ಪರ: ಪೂರ್ತಿ ಹೊಣೆಯೇ ಇರಲಿ

ನಮ್ಮ ಅಪ್ಪ ಗೆಳೆಯರೊಬ್ಬರ ಜೊತೆ ಮರದ ಡಿಪೋ ನಡೆಸುತ್ತಿದ್ದರು. ಆ ಗೆಳೆಯರು ಡಿಪೋದ ಹೆಸರಿನಲ್ಲಿ ಸಾಲಕ್ಕೆ ಮರ ತಂದಿದ್ದರೆಂದು ಅಪ್ಪನಿಗೆ ತಿಳಿದದ್ದು ಅವರು ತೀರಿಕೊಂಡ ಮೇಲೆ. 1932ರ ಪಾಲುದಾರಿಕೆ ಕಾಯ್ದೆಯಲ್ಲಿ ವ್ಯವಹಾರಕ್ಕಾಗಿ ಒಬ್ಬ ಹಾಕಿದ ಸಹಿ ಎಲ್ಲರ ಸಹಿ. ಸಾಲ ಕೊಟ್ಟವನು ಪೂರ್ತಿ ಹಣವನ್ನು ಯಾವ ಪಾಲುದಾರನಿಂದ ಬೇಕಾದರೂ ವಸೂಲು ಮಾಡಬಹುದು. ಅಪ್ಪ ಎಲ್ಲವನ್ನೂ ತೀರಿಸಿದರು. ಒಂಬತ್ತು ವರ್ಷ ಹಿಡಿಯಿತು. ಆಮೇಲೆ ಊರಿನಲ್ಲಿ ಅವರ ಬಾಯಿಮಾತಿಗೇ ಸರಕು ಬರುತ್ತಿತ್ತು, ಚೀಟಿ ಕೇಳುವವರಿರಲಿಲ್ಲ.

ಸಾಲ ಮಾಡಿ ತೀರಿಸದವನನ್ನು 37ನೇ ಕೀರ್ತನೆ ದುಷ್ಟನೆಂದೇ ಕರೆಯುತ್ತದೆ. ಯಾರಿಗೂ ಬಾಕಿದಾರರಾಗಿರಬೇಡಿ ಎಂದು ಪೌಲನು ರೋಮಾಪುರದ ಸಭೆಗೆ ಬರೆದ. ಹಾಗೆ ಬರೆದು ಸುಮ್ಮನಾದವನಲ್ಲ ಅವನು. ಒನೇಸಿಮನ ಬಾಕಿಯನ್ನು ನನ್ನ ಲೆಕ್ಕಕ್ಕೆ ಹಚ್ಚು, ನಾನೇ ಕೊಡುತ್ತೇನೆ ಎಂದು ಫಿಲೆಮೋನನಿಗೆ ಸ್ವಂತ ಕೈಯಿಂದ ಬರೆದುಕೊಟ್ಟ. ವ್ಯಾಪಾರಕ್ಕೆ ಇಳಿಯುವ ಮೊದಲೇ, ನನ್ನಿಂದ ಇಷ್ಟು ಮಾತ್ರ ಸಿಗುತ್ತದೆ, ಉಳಿದದ್ದನ್ನು ಮರೆತುಬಿಡಿ ಎಂದು ಕಾಗದ ಮಾಡಿಡುವುದು ನನಗಂತೂ ಒಗ್ಗುವುದಿಲ್ಲ.

ಆ ಕಾಗದ ಯಾರ ವಿರುದ್ಧ ಕೆಲಸ ಮಾಡುತ್ತದೆ ಎಂಬುದನ್ನೂ ನೋಡಬೇಕು. ಸಣ್ಣ ಎಲ್‌ಎಲ್‌ಪಿಗೆ ಸಾಲ ಕೊಡುವಾಗ ಬ್ಯಾಂಕಿನವರು ಸಾಮಾನ್ಯವಾಗಿ ಪಾಲುದಾರರ ವೈಯಕ್ತಿಕ ಜಾಮೀನು ಕೇಳುತ್ತಾರೆ. ಅಲ್ಲಿಗೆ ಬ್ಯಾಂಕಿನ ಮುಂದೆ ಆ ಗೋಡೆ ಬಿದ್ದುಹೋಯಿತು. ಅದು ನಿಲ್ಲುವುದು ಜಾಮೀನು ಕೇಳಲು ಬಾಯಿ ಬಾರದವರ ಮುಂದೆ. ಮೊಟ್ಟೆ ತಂದುಕೊಡುವ ಹೆಂಗಸು, ಹಾಲಿನವ, ಮೈದಾ ಹಾಕುವ ಸಣ್ಣ ವರ್ತಕ, ರಾತ್ರಿಪಾಳಿಯಲ್ಲಿ ಒಲೆ ನೋಡಿಕೊಳ್ಳುವ ಹುಡುಗ. ಬೇಕರಿ ಮುಳುಗಿದರೆ ಬ್ಯಾಂಕು ಹೇಗೋ ವಸೂಲು ಮಾಡಿಕೊಳ್ಳುತ್ತದೆ, ಇವರು ಬರಿಗೈಯಲ್ಲಿ ಮನೆಗೆ ಹೋಗುತ್ತಾರೆ. ಕೂಲಿಕಾರರಿಗೆ ಕೊಡದೆ ಹಿಡಿದ ಕೂಲಿ ದೇವರಿಗೆ ಮೊರೆಯಿಡುತ್ತದೆ ಎಂದು ಯಾಕೋಬನ ಪತ್ರ ಎಚ್ಚರಿಸುವುದು ಇಂಥವರ ವಿಷಯದಲ್ಲೇ.

ಇಂಗ್ಲೆಂಡಿನ ಕ್ವೇಕರ್ ಕ್ರೈಸ್ತರು ವ್ಯಾಪಾರದಲ್ಲಿ ಹೆಸರು ಮಾಡಿದ್ದರ ಹಿಂದೆ ಇದೇ ಕಟ್ಟುನಿಟ್ಟು ಇತ್ತು. ಸೆರೆಮನೆ ಸುಧಾರಣೆಗೆ ಹೆಸರಾದ ಎಲಿಜಬೆತ್ ಫ್ರೈ ಅವರ ಗಂಡ ಜೋಸೆಫ್ ಫ್ರೈ ಅವರ ಬ್ಯಾಂಕು 1828ರಲ್ಲಿ ದಿವಾಳಿಯಾದಾಗ, ಅವರ ಸಭೆ ಅವರ ಸದಸ್ಯತ್ವವನ್ನೇ ತೆಗೆದುಹಾಕಿತು. ಕಠಿಣವೇ ಸರಿ. ಆದರೆ ಆ ಸಭೆಯವರ ಅಂಗಡಿಗೆ ಸಾಲ ಕೊಡಲು ಯಾರೂ ಹಿಂದೆಮುಂದೆ ನೋಡುತ್ತಿರಲಿಲ್ಲ.

ಅಳಿಯನಿಗೆ ನನ್ನ ಮಾತು ಇಷ್ಟು. ಜೊತೆಗಾರನನ್ನು ನೋಡಿ ಆರಿಸು. ಇಜ್ಜೋಡಾಗಬೇಡಿರಿ ಎಂಬ ಮಾತನ್ನು ನಾವು ಅನ್ಯಮತದವರ ವಿಷಯಕ್ಕೆ ಮಾತ್ರ ಎಳೆಯುತ್ತೇವೆ. ಒಂದೇ ದೇವಾಲಯದಲ್ಲಿ ಒಂದೇ ಬೆಂಚಿನ ಮೇಲೆ ಕೂರುವವರಲ್ಲಿ ಒಬ್ಬ ಸಾಲಕ್ಕೆ ಹೆದರುವವನು, ಇನ್ನೊಬ್ಬ ಹೆದರದವನು ಆದರೆ ಅದೂ ಇಜ್ಜೋಡೇ. ಪೂರ್ತಿ ಹೊಣೆ ಇದ್ದರೆ ಈ ಪ್ರಶ್ನೆಯನ್ನು ಮೊದಲ ದಿನವೇ ಕೇಳಿಕೊಳ್ಳುತ್ತೀರಿ.

ವಿರೋಧ: ಮನೆಯನ್ನು ಒತ್ತೆ ಇಡಬೇಡಿ

ಅಣ್ಣ ಹೇಳಿದ ಒಂಬತ್ತು ವರ್ಷ ನನಗೂ ನೆನಪಿದೆ. ಸಾಲದ ಯಾವ ಕಾಗದದಲ್ಲೂ ಅಮ್ಮನ ಸಹಿ ಇರಲಿಲ್ಲ, ಆದರೂ ಮೊದಲ ಕಂತಿಗೆ ಹೋದದ್ದು ಅಮ್ಮನ ಬಳೆ. ನಾನು ಪಿಯುಸಿ ಅರ್ಧಕ್ಕೆ ಬಿಟ್ಟು ಜವಳಿ ಅಂಗಡಿಯಲ್ಲಿ ಬಿಲ್ ಬರೆಯಲು ಹೋದೆ. ಅಪ್ಪನ ಬಗ್ಗೆ ನನಗೆ ಹೆಮ್ಮೆಯಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಪ್ಪ ಮಾಡದ ಸಾಲ, ಅಪ್ಪನಿಗೆ ಗೊತ್ತೇ ಇರದ ಸಾಲ, ನಮ್ಮ ಅಡುಗೆಮನೆಯ ಒಳಗೆ ಬಂದು ಕೂತಿತು. ಅದನ್ನು ನೀತಿ ಎಂದು ಕರೆಯಲು ನನ್ನಿಂದ ಆಗುವುದಿಲ್ಲ.

ಹೊಣೆ ಎಂಬ ಮಾತನ್ನು ಅಣ್ಣ ಪೌಲನ ಪತ್ರಗಳಲ್ಲಿ ಹುಡುಕಿದ. ಜ್ಞಾನೋಕ್ತಿಗಳನ್ನೂ ತೆರೆದು ನೋಡಲಿ. ಇನ್ನೊಬ್ಬರ ಸಾಲಕ್ಕೆ ಹೊಣೆಯಾಗುವುದರ ವಿರುದ್ಧ ಆ ಪುಸ್ತಕ ಮತ್ತೆ ಮತ್ತೆ ಎಚ್ಚರಿಸುತ್ತದೆ. ಆರನೆಯ ಅಧ್ಯಾಯದಲ್ಲಿ, ಹೊಣೆಯಾಗಿ ಸಿಕ್ಕಿಬಿದ್ದಿದ್ದರೆ ನಿದ್ದೆ ಕೂಡ ಮಾಡದೆ ಹೋಗಿ ಬಿಡಿಸಿಕೋ ಎನ್ನುತ್ತದೆ. ಇಪ್ಪತ್ತೆರಡನೆಯದರಲ್ಲಿ, ನೀನು ಮಲಗಿರುವ ಹಾಸಿಗೆಯನ್ನೇ ಎಳೆದುಕೊಂಡು ಹೋದಾರು ಎನ್ನುತ್ತದೆ. ಹಳೆಯ ಪಾಲುದಾರಿಕೆಯಲ್ಲಿ ಪ್ರತಿಯೊಬ್ಬನೂ ಇನ್ನೊಬ್ಬನ ಎಲ್ಲ ಸಾಲಕ್ಕೂ ಮುಂಚಿತವಾಗಿಯೇ ಜಾಮೀನು ನಿಂತಂತಲ್ಲವೇ? ಪೌಲನು ಬರೆದುಕೊಟ್ಟದ್ದು ಗೊತ್ತಿದ್ದ ಒಬ್ಬನ ಬಾಕಿಗೆ, ತಾನೇ ಮನಸ್ಸು ಮಾಡಿ. ಮುಂದೆ ಒನೇಸಿಮನು ಮಾಡಬಹುದಾದ ಸಾಲಗಳಿಗೆಲ್ಲ ಅವನು ಸಹಿ ಹಾಕಲಿಲ್ಲ.

ಇದಕ್ಕಿಂತ ನನ್ನ ಮನಸ್ಸಿಗೆ ಹತ್ತಿರವಾದದ್ದು ಧರ್ಮೋಪದೇಶಕಾಂಡದ ಒಂದು ಸಣ್ಣ ಕಟ್ಟಳೆ. ಸಾಲ ಕೊಟ್ಟವನು ಬೀಸುವ ಕಲ್ಲನ್ನು ಒತ್ತೆ ಇಟ್ಟುಕೊಳ್ಳಬಾರದು. ಎರಡೂ ಕಲ್ಲು ಬೇಡ, ಮೇಲಿನ ಒಂದು ಕಲ್ಲನ್ನೂ ಒಯ್ಯುವಂತಿಲ್ಲ. ಅದನ್ನು ಒಯ್ದರೆ ಆ ಮನೆಯ ಜೀವವನ್ನೇ ಒಯ್ದಂತೆ. ಬಡವನ ಹೊದಿಕೆಯನ್ನು ಒತ್ತೆ ಹಿಡಿದಿದ್ದರೆ ಹೊತ್ತು ಮುಳುಗುವ ಮೊದಲು ತಿರುಗಿ ಕೊಡಬೇಕು. ಏಳನೆಯ ವರ್ಷ ಬಂದಾಗ ಸಾಲಕ್ಕೆ ಬಿಡುಗಡೆ. ಸಾಲ ತೀರಿಸು ಎಂದ ದೇವರೇ ಸಾಲಗಾರನ ಮನೆಯ ಹೊಸ್ತಿಲ ಬಳಿ ಒಂದು ಗೆರೆಯನ್ನೂ ಎಳೆದಿದ್ದಾನೆ. ನಾನು ಕೇಳುವುದು ಆ ಗೆರೆಯನ್ನು.

ಗೆರೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಸ್ಕಾಟ್ಲೆಂಡಿನ ಸಿಟಿ ಆಫ್ ಗ್ಲಾಸ್ಗೋ ಬ್ಯಾಂಕು ಸಾಕ್ಷಿ. ನಿರ್ದೇಶಕರು ಲೆಕ್ಕ ತಿದ್ದಿ ಮುಚ್ಚಿಟ್ಟ ನಷ್ಟ 1878ರ ಅಕ್ಟೋಬರ್‌ನಲ್ಲಿ ಬ್ಯಾಂಕಿನ ಬಾಗಿಲು ಹಾಕಿಸಿತು. ಷೇರುದಾರರ ಹೊಣೆಗೆ ಮಿತಿ ಇರಲಿಲ್ಲ. ನಿರ್ದೇಶಕರು ಜೈಲಿಗೆ ಹೋದರು, ಆದರೆ ನಷ್ಟ ತುಂಬಬೇಕಾದವರು ಬ್ಯಾಂಕಿನೊಳಗೆ ಏನು ನಡೆಯುತ್ತಿದೆಯೆಂದು ತಿಳಿಯದೆ ಷೇರು ಇಟ್ಟುಕೊಂಡಿದ್ದವರು. 1,819 ಷೇರುದಾರರಲ್ಲಿ ದಿವಾಳಿಯಾಗದೆ ಉಳಿದವರು 254 ಮಂದಿ. ಅಣ್ಣ ಮೆಚ್ಚಿದ ಕ್ವೇಕರ್ ಮನೆತನಗಳೂ ಕಾಲಕ್ಕೆ ತಕ್ಕಂತೆ ದಾರಿ ಬದಲಿಸಿದವು. 1896ರಲ್ಲಿ ಇಪ್ಪತ್ತು ಖಾಸಗಿ ಬ್ಯಾಂಕುಗಳು ಕೂಡಿ ಬಾರ್ಕ್ಲೇಸ್ ಹುಟ್ಟಿದಾಗ, ಅದರ ಮುಖ್ಯ ಕುಟುಂಬಗಳು ಅವರದೇ. ಅದು ಸೀಮಿತ ಹೊಣೆಯ ಕಂಪನಿಯಾಗಿಯೇ ಹುಟ್ಟಿತು. ನಮ್ಮ ಊರಿಗೆ ನೇಯ್ಗೆ, ಹೆಂಚು ತಂದ ಬಾಸೆಲ್ ಮಿಷನ್ ಕೂಡ ವ್ಯಾಪಾರಕ್ಕೆಂದು 1859ರಲ್ಲಿ ಬೇರೆಯೇ ಷೇರು ಕಂಪನಿ ಮಾಡಿತು. ವ್ಯಾಪಾರದ ಏರಿಳಿತಕ್ಕೆ ಮಿಷನ್ನಿನ ಹಣ ಸಿಕ್ಕಿಕೊಳ್ಳಬಾರದು ಎಂಬ ಎಚ್ಚರ ಅದರಲ್ಲಿ ನನಗೆ ಕಾಣುತ್ತದೆ.

2008ರ ಎಲ್‌ಎಲ್‌ಪಿ ಕಾಯ್ದೆ ಮೋಸಗಾರನನ್ನು ಕಾಯುವುದಿಲ್ಲ. ವಂಚನೆಯ ಉದ್ದೇಶದಿಂದ ವ್ಯವಹಾರ ಮಾಡಿದವನಿಗೆ ಅಲ್ಲಿ ಮಿತಿಯಿಲ್ಲ. ತನ್ನ ತಪ್ಪಿಗೆ ತಾನೇ ಹೊಣೆ, ಜೊತೆಗಾರನ ತಪ್ಪಿಗೆ ಅಲ್ಲ. ಪ್ರತಿ ವರ್ಷ ಲೆಕ್ಕವನ್ನು ರಿಜಿಸ್ಟ್ರಾರರಿಗೆ ಸಲ್ಲಿಸಬೇಕು, ಶುಲ್ಕ ಕಟ್ಟಿದ ಯಾರು ಬೇಕಾದರೂ ಅದನ್ನು ನೋಡಬಹುದು. ಹಳೆಯ ಪಾಲುದಾರಿಕೆಗೆ ನೋಂದಣಿಯೇ ಕಡ್ಡಾಯವಲ್ಲ. ಅಪ್ಪನ ಡಿಪೋದ ಲೆಕ್ಕ ಹೀಗೆ ಯಾರ ಕಣ್ಣಿಗಾದರೂ ಬೀಳುವಂತಿದ್ದರೆ, ಆ ಸಾಲ ಅಷ್ಟು ವರ್ಷ ಕತ್ತಲಲ್ಲಿ ಬೆಳೆಯುತ್ತಿತ್ತೇ?

ಮೊಟ್ಟೆಯ ಹೆಂಗಸಿನ ಮಾತು ಮಾತ್ರ ನನ್ನನ್ನು ಚುಚ್ಚಿತು. ಅದಕ್ಕೆ ಉತ್ತರ ಕಾಯ್ದೆಯಲ್ಲಿಲ್ಲ, ಹುಡುಗರು ಬರೆದುಕೊಳ್ಳುವ ಒಪ್ಪಂದದಲ್ಲಿ ಇರಬೇಕು. ಹಾಲು, ಮೊಟ್ಟೆ, ಸೌದೆಯವರ ಲೆಕ್ಕ ಶನಿವಾರ ಶನಿವಾರ ಚುಕ್ತಾ ಆಗಬೇಕು. ಸಂಬಳ ಕೊಡದೆ ಪಾಲುದಾರರು ಒಂದು ರೂಪಾಯಿ ತೆಗೆಯಬಾರದು. ಇಬ್ಬರ ಸಹಿಯಿಲ್ಲದೆ ಸಾಲ ಎತ್ತಬಾರದು. ಹೀಗೆ ಮಾಡಿದರೆ ನಾಳೆ ಬೇಕರಿ ಮುಚ್ಚಿದರೂ ಆ ಹೆಂಗಸಿಗೆ ಬಾಕಿ ಇರುವುದು ಹೆಚ್ಚೆಂದರೆ ಒಂದು ವಾರದ ಮೊಟ್ಟೆಯ ದುಡ್ಡು.

ಸೋದರಮಾವನ ಮರುಮಾತು

ಅಮ್ಮನ ಬಳೆ ಮೊದಲ ಕಂತಿಗೇ ಹೋಗಿತ್ತೆಂದು ನನಗೆ ಇಂದಿನವರೆಗೂ ತಿಳಿದಿರಲಿಲ್ಲ. ಅಪ್ಪ ಹೇಳಲಿಲ್ಲ, ಅಮ್ಮನೂ ಹೇಳಲಿಲ್ಲ.

ಎಲ್‌ಎಲ್‌ಪಿಯೇ ಆಗಲಿ ಎಂದು ಮನಸ್ಸು ಮಾಡಿದ್ದೀರಾದರೆ ತಂಗಿ ಹೇಳಿದ ಕಟ್ಟುಗಳ ಕೆಳಗೆ ಇನ್ನೊಂದನ್ನು ಸೇರಿಸಿ. ಆ ಒಂದು ವಾರದ ಬಾಕಿ ಮತ್ತು ಕೆಲಸದವರ ಒಂದು ತಿಂಗಳ ಸಂಬಳಕ್ಕೆ ಆಗುವಷ್ಟನ್ನು, ಬೇಕರಿ ಮುಳುಗಿದರೆ, ಇಬ್ಬರೂ ಸ್ವಂತ ಕಿಸೆಯಿಂದ ಕೊಡತಕ್ಕದ್ದು. ಇದು ಬೇಡವೆಂದು ವಕೀಲರು ಹೇಳಬಹುದು. ಹುಡುಗರು ಅವರ ಮುಂದೆಯೇ ಸಹಿ ಹಾಕಿದರೆ, ಒಲೆ ಹಚ್ಚುವ ದಿನ ಮೊದಲ ಮೈದಾ ಮೂಟೆಗೆ ದುಡ್ಡು ನಾನು ಕೊಡುತ್ತೇನೆ.