ತುಟಿ ಮಕ್ಕಳದು, ದನಿ ಕ್ಯಾಸೆಟ್ಟಿನದು

ಮೈಸೂರು ಸೀಮೆಯವರು ‘ಶಾಲಾ ವಾರ್ಷಿಕೋತ್ಸವ’ ಎಂದು ಕರೆಯುವ ಸಮಾರಂಭಕ್ಕೆ ಬೆಳಗಾವಿ ಜಿಲ್ಲೆಯಲ್ಲಿ ಎರಡು ಹೆಸರುಗಳುಂಟು. ಆಮಂತ್ರಣ ಪತ್ರಿಕೆಯಲ್ಲಿ ಅಚ್ಚಾಗುವುದು ‘ವಾರ್ಷಿಕ ಸ್ನೇಹಸಮ್ಮೇಳನ’. ಜನರ ಬಾಯಲ್ಲಿ ಸುಳಿಯುವುದು ‘ಗ್ಯಾದರಿಂಗ್’. 1956ರ ವರೆಗೆ ಮುಂಬಯಿ ರಾಜ್ಯಕ್ಕೆ ಸೇರಿದ್ದ ನಾಡಿನ ಗುರುತು ಈ ಎರಡು ಮಾತುಗಳಲ್ಲಿಯೂ ಉಳಿದುಕೊಂಡಿದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳಲ್ಲಿ ಶಾಲೆ ಕಲಿತು ಇಂದು ಪುಣೆಯಲ್ಲಿಯೋ ಬೆಂಗಳೂರಿನಲ್ಲಿಯೋ ಸಂಸಾರ ಹೂಡಿರುವ ನಡುವಯಸ್ಸಿನವರ ಮುಂದೆ ಆ ಶಬ್ದವನ್ನು ಉಚ್ಚರಿಸಿ ನೋಡಬೇಕು. ಗಣಿತದ ಸೂತ್ರಗಳೆಲ್ಲ ಮರೆತುಹೋಗಿರುತ್ತವೆ. ಯಾವ ಹಾಡಿಗೆ ಯಾವ ಬಣ್ಣದ ಅಂಗಿ ತೊಟ್ಟು ಎಷ್ಟನೆಯ ಸಾಲಿನಲ್ಲಿ ನಿಂತಿದ್ದರೆಂಬುದು ಮಾತ್ರ ಕರತಲಾಮಲಕ.

ಸುಗ್ಗಿಯ ಹೊತ್ತು. ಸಂಜೆಯ ಚಳಿ. ಶಾಲೆಯ ಡೆಸ್ಕುಗಳನ್ನು ಒಂದಕ್ಕೊಂದು ಜೋಡಿಸಿ ಮೇಲೆ ಜಮಖಾನೆ ಹಾಸಿದರೆ ರಂಗಸ್ಥಲ ಸಿದ್ಧವಾಯಿತು. ಮುಂದೆ ನೆಲದ ಮೇಲೆ ಮಕ್ಕಳು. ಹಿಂದೆ ಕಂಬಳಿ ಹೊದ್ದ ಅಜ್ಜಂದಿರು. ಒಂದು ಪಕ್ಕದಲ್ಲಿ ತಾಯಂದಿರು. ವರದಿವಾಚನ, ಬಹುಮಾನ ವಿತರಣೆ, ಮುಖ್ಯ ಅತಿಥಿಗಳ ಉಪದೇಶಾಮೃತ ಇವೆಲ್ಲವನ್ನೂ ಸಭಿಕರು ಸಹನೆಯಿಂದ ಸೈರಿಸಿಕೊಳ್ಳುತ್ತಿದ್ದರು. ಅವರು ಬಂದದ್ದು ಅದಕ್ಕಲ್ಲವೆಂಬುದು ಅತಿಥಿಗಳಿಗೂ ಗೊತ್ತಿರುತ್ತಿತ್ತು. ಆದರೂ ಭಾಷಣ ಮೊಟಕಾಗುತ್ತಿರಲಿಲ್ಲ.

ಜನ ಕಾದಿರುತ್ತಿದ್ದುದು ‘ರೆಕಾರ್ಡ್ ಡ್ಯಾನ್ಸ್’ಗೆ. ಹಾಡು ಯಂತ್ರದಿಂದ ಬರಬೇಕು; ಮಕ್ಕಳು ಅದಕ್ಕೆ ಹೆಜ್ಜೆ ಹಾಕಬೇಕು; ಜೊತೆಗೆ ತಾವೇ ಹಾಡುತ್ತಿರುವಂತೆ ತುಟಿಯಾಡಿಸಬೇಕು. ಗ್ರಾಮಫೋನಿನ ತಟ್ಟೆಗಳು ಮೂಲೆ ಸೇರಿದ ಮೇಲೂ ಹೆಸರು ಮಾತ್ರ ರೆಕಾರ್ಡಿನದೇ ಉಳಿಯಿತು. ಫಿಲಿಪ್ಸ್ ಕಂಪನಿಯು 1963ರಲ್ಲಿ ಹೊರತಂದ ಅಂಗೈಯಗಲದ ಕ್ಯಾಸೆಟ್ಟು, ಎಂಬತ್ತರ ದಶಕದಲ್ಲಿ ಅಗ್ಗವಾಗಿ ತಾಲೂಕು ಪಟ್ಟಣಗಳ ಪೇಟೆಗೂ ಬಂದಾಗ, ಈ ಕಲೆಗೆ ಸುವರ್ಣಯುಗ ಪ್ರಾಪ್ತವಾಯಿತು.

ಅದರ ಸಿದ್ಧತೆಯೇ ಒಂದು ಶಾಸ್ತ್ರ. ಬೇಕಾದ ಹಾಡು ಕ್ಯಾಸೆಟ್ಟಿನ ನಡುವೆಲ್ಲೋ ಅಡಗಿರುತ್ತಿತ್ತು. ಹಲ್ಲುಗಾಲಿಯ ತೂತಿನಲ್ಲಿ ಪೆನ್ಸಿಲು ತೂರಿಸಿ, ಟೇಪನ್ನು ಹಿಂದೆ ಮುಂದೆ ಸುತ್ತಿ, ಹಾಡಿನ ಮೊದಲಿಗೆ ಸರಿಯಾಗಿ ತಂದು ನಿಲ್ಲಿಸುವುದು ಯಾರಿಗೆಂದರೆ ಅವರಿಗೆ ಬರುವ ವಿದ್ಯೆಯಲ್ಲ. ಹತ್ತು ಹಾಡುಗಳಿದ್ದರೆ ಹತ್ತು ಕ್ಯಾಸೆಟ್ಟು, ಹತ್ತು ಚೀಟಿ. ಮೈಕಿನವನು ಒಂದು ಚೀಟಿಯನ್ನು ತಪ್ಪಿ ಓದಿದನೋ, ದೇಶಭಕ್ತಿಗೀತೆಗೆಂದು ಬಿಳಿಯ ಸೀರೆ ಉಟ್ಟು ಧ್ವಜ ಹಿಡಿದು ನಿಂತ ಬಾಲಕಿಯರ ಮೇಲೆ ಡಿಸ್ಕೋ ಸಂಗೀತ ಸುರಿಯುತ್ತಿತ್ತು! ಬ್ಯಾಟರಿ ಇಳಿದಿದ್ದರೆ ಇನ್ನೂ ಫಜೀತಿ: ಕೋಗಿಲೆಯಂಥ ಕಂಠ ಹೋಗುತ್ತ ಹೋಗುತ್ತ ಕೋಣದ ದನಿಯಾಗುವುದು, ಅದಕ್ಕೆ ತಕ್ಕಂತೆ ಮಕ್ಕಳ ತುಟಿಯೂ ಕೈಯೂ ಮಂದಗತಿಗೆ ಇಳಿಯುವುದು.

ಮಲಪ್ರಭೆಯ ದಂಡೆಯ ಈ ಊರುಗಳಿಗೆ ಪಾಪ್ ಸಂಗೀತ ಬಂದ ದಾರಿ ಕುತೂಹಲಕರವಾದುದು. 1980ರಲ್ಲಿ ತೆರೆಕಂಡ ‘ಕುರ್ಬಾನಿ’ ಎಂಬ ಹಿಂದೀ ಚಿತ್ರಕ್ಕಾಗಿ ಲಂಡನ್ನಿನಲ್ಲಿ ಒಂದು ಹಾಡು ಮುದ್ರಿತವಾಯಿತು. ಹಾಡಿದ ನಾಜಿಯಾ ಹಸನ್ ಎಂಬಾಕೆ ಆಗಿನ್ನೂ ಶಾಲೆಗೆ ಹೋಗುವ ವಯಸ್ಸಿನ ಹುಡುಗಿ. ಹಾಡನ್ನು ಹೊಸೆದ ಬಿದ್ದು ಅಪ್ಪಯ್ಯ ಬೆಂಗಳೂರಿನಲ್ಲಿ ಹುಟ್ಟಿ ಇಂಗ್ಲೆಂಡಿಗೆ ಹೋಗಿ ನೆಲಸಿದ ಕೊಡವರು. 1974ರಲ್ಲಿ ಜಗತ್ತನ್ನೇ ಕುಣಿಸಿದ ‘ಕುಂಗ್ ಫೂ ಫೈಟಿಂಗ್’ ಧ್ವನಿಮುದ್ರಿಕೆಯ ನಿರ್ಮಾಪಕರು. 1981ರ ‘ಡಿಸ್ಕೋ ದೀವಾನೆ’, 1995ರಲ್ಲಿ ಅಲೀಶಾ ಚಿನಾಯ್ ಹಾಡಿದ ‘ಮೇಡ್ ಇನ್ ಇಂಡಿಯಾ’ ಎರಡರ ಹಿಂದೆಯೂ ಅವರದೇ ಕೈ. ಹುಡುಗರಿಗಾದರೋ 1994ರ ‘ಕಾದಲನ್’ ಚಿತ್ರದ ಬಳಿಕ ಪ್ರಭುದೇವನೇ ಆರಾಧ್ಯದೈವ. ಆತ ಮೂಗೂರು ಸುಂದರರ ಮಗ, ನಮ್ಮ ಮೈಸೂರಿನವನು. ಪರದೇಶದ ಸಂಗೀತವೆಂದು ಹಿರಿಯರು ಮೂಗು ಮುರಿದದ್ದರಲ್ಲಿ ಕನ್ನಡಿಗರ ಪಾಲು ಇಷ್ಟಿತ್ತೆಂಬುದು ಆಗ ಯಾರ ಗಮನಕ್ಕೂ ಬಂದಿರಲಿಕ್ಕಿಲ್ಲ.

ಕನ್ನಡದ ಹಾಡುಗಳ ಪಾಳಿ ‘ಪ್ರೇಮಲೋಕ’ದಿಂದ ಬಂದಿತು. 1987ರಲ್ಲಿ ರವಿಚಂದ್ರನ್ನರ ಈ ಚಿತ್ರಕ್ಕೆ ಹಂಸಲೇಖರು ಕೊಟ್ಟ ಹಾಡುಗಳ ಕ್ಯಾಸೆಟ್ಟು ಕಿರಾಣಿ ಅಂಗಡಿಯ ಮುಂದೆಯೂ ಮೊಳಗಿತು. ಅದರ ನಾಯಿಕೆ ಜೂಹಿ ಚಾವ್ಲಾ ಮುಂಬಯಿಯಿಂದ ಬಂದಾಕೆ. ಹಾಡಿದ್ದು ಎಸ್. ಜಾನಕಿ; ಆಡಿದ್ದು ಜೂಹಿಯ ತುಟಿ. ಆ ತುಟಿಯನ್ನು ನೋಡಿ ರಾಮದುರ್ಗದ ಆರನೆಯ ತರಗತಿಯ ಬಾಲೆ ತನ್ನ ತುಟಿಯನ್ನು ಆಡಿಸುತ್ತಿದ್ದಳು. ನೆರಳಿನ ನೆರಳು ಎನ್ನಬಹುದು.

ಮಕ್ಕಳದು ಮೋಸವಾದರೆ ಸಿನಿಮಾದ್ದೂ ಮೋಸವೇ. 1935ರಲ್ಲಿ ಕಲಕತ್ತೆಯ ನ್ಯೂ ಥಿಯೇಟರ್ಸ್ ಸಂಸ್ಥೆ ‘ಧೂಪ್ ಛಾಂವ್’ ಚಿತ್ರದಲ್ಲಿ ಹಿನ್ನೆಲೆ ಗಾಯನವನ್ನು ಬಳಕೆಗೆ ತಂದಿತು. ಹಾಡನ್ನು ಮೊದಲೇ ಮುದ್ರಿಸಿಕೊಂಡು, ಚಿತ್ರೀಕರಣದ ಸ್ಥಳದಲ್ಲಿ ಅದನ್ನು ನುಡಿಸಿ, ನಟರಿಂದ ತುಟಿಯಾಡಿಸಿದರೆ ಉಸಿರುಗಟ್ಟುವ ಭಯವಿಲ್ಲ, ಶ್ರುತಿ ತಪ್ಪುವ ಭಯವಿಲ್ಲ. ಕನ್ನಡಿಗರ ಕಣ್ಮಣಿ ರಾಜಕುಮಾರರಿಗೆ ಕೂಡ ಎಷ್ಟೋ ವರ್ಷ ಕಾಕಿನಾಡದಲ್ಲಿ ಜನಿಸಿದ ಪಿ.ಬಿ. ಶ್ರೀನಿವಾಸರೇ ಕಂಠವಾಗಿದ್ದರು, 1974ರ ‘ಸಂಪತ್ತಿಗೆ ಸವಾಲ್’ ಬಂದ ಮೇಲೆ ತಾನೇ ಅವರ ಹಾಡಿಗೆ ಅವರದೇ ದನಿ ಕಾಯಂ ಆದದ್ದು? ಅದಕ್ಕೂ ಮೊದಲು ಯಾರೊಬ್ಬರೂ ‘ಇದು ಮೋಸ’ ಎಂದು ಟಿಕೇಟಿನ ಹಣವನ್ನು ಮರಳಿ ಕೇಳಲಿಲ್ಲ.

ಆದರೆ ಈ ನಾಡಿನ ಹಿರಿಯರ ಅಸಮಾಧಾನಕ್ಕೆ ಕಾರಣವಿತ್ತು. ಅವರು ಕೇಳಿ ಬೆಳೆದ ನಾಟಕವೇ ಬೇರೆ. ಸವದತ್ತಿ ತಾಲೂಕಿನ ಏಣಗಿಯಲ್ಲಿ 1914ರಲ್ಲಿ ಹುಟ್ಟಿ 2017ರ ವರೆಗೆ ಬಾಳಿದ ಏಣಗಿ ಬಾಳಪ್ಪನವರು ತಮ್ಮ ‘ಕಲಾವೈಭವ ನಾಟ್ಯಸಂಘ’ದ ರಂಗದಲ್ಲಿ ಬಸವಣ್ಣನಾಗಿ ನಿಂತು ಹಾಡಿದರೆ ಕೊನೆಯ ಸಾಲಿನ ಪ್ರೇಕ್ಷಕನಿಗೂ ಅದು ಮುಟ್ಟುತ್ತಿತ್ತು. ಬೈಲಹೊಂಗಲದ ಕಥೆಯೆಂದೇ ಪ್ರಸಿದ್ಧವಾದ ‘ಸಂಗ್ಯಾ ಬಾಳ್ಯಾ’ ಸಣ್ಣಾಟದಲ್ಲಿ ಪಾತ್ರಧಾರಿ ತಾನೇ ಹಾಡಬೇಕು. ಹಿಮ್ಮೇಳದವರು ಅವನ ಸೊಲ್ಲನ್ನು ಎತ್ತಿಕೊಂಡು ಮರಳಿ ಹಾಡುತ್ತಾರೆ. ರಾತ್ರಿಯಿಡೀ ದನಿ ತೆಗೆದು ಹಾಡುವವರ ಊರಿನಲ್ಲಿ ಮೊಮ್ಮಕ್ಕಳು ಬಾಯಿ ತೆರೆದು ಮುಚ್ಚಿ ಮಾಡಿದರೆ ಅಜ್ಜನಿಗೆ ಅದು ಹಾಡೆಂದು ತೋರುವುದು ಹೇಗೆ? ಕರಾವಳಿಯ ಯಕ್ಷಗಾನದಲ್ಲಿಯೂ ಪದ್ಯ ಭಾಗವತನದು, ಕುಣಿತ ವೇಷಧಾರಿಯದು ಎಂದು ವಾದಿಸಬಹುದಾಗಿತ್ತು. ಆದರೆ ಅಲ್ಲಿ ಭಾಗವತ ಎಲ್ಲರ ಕಣ್ಣಿಗೂ ಕಾಣುವಂತೆ ಕುಳಿತಿರುತ್ತಾನೆ. ವೇಷಧಾರಿ ತಾನು ಹಾಡುತ್ತಿರುವುದಾಗಿ ನಟಿಸುವುದಿಲ್ಲ.

ಅದಕ್ಕಿಂತ ದೊಡ್ಡ ದೂರು ಇನ್ನೊಂದಿದೆ. ಅದನ್ನು ಎತ್ತಿದವರು ಕಡಿಮೆ. ಹಾಡುವುದಕ್ಕೆ ಬೇಕಾದದ್ದು ಗಂಟಲು ಮಾತ್ರ. ರೆಕಾರ್ಡ್ ಡ್ಯಾನ್ಸಿಗೆ ಅಂಗಿಯೂ ಬೇಕು. ಒಂದೇ ಬಣ್ಣದ ಲಂಗ, ಚಮಕಿ ಹಚ್ಚಿದ ಕುಪ್ಪಸ, ಬಾಡಿಗೆಯ ಆಭರಣ, ತುಟಿಗೆ ಬಣ್ಣ. ಅಕ್ಕೋರು “ನಾಳೆ ಡ್ರೆಸ್ಸಿನ ರೊಕ್ಕ ತರ್ರಿ” ಎಂದ ಮರುದಿನ ತಂಡದ ಎಂಟು ಮಂದಿ ಆರಾಗುತ್ತಿದ್ದರು. ಹಾಗೆ ಹಿಂದುಳಿದವಳ ಕಂಠ ಇಂಪಾಗಿದ್ದರೆ ಅವಳ ಪಾಲಿಗೆ ಆರಂಭದ ಪ್ರಾರ್ಥನೆ ಉಂಟು. ಅದನ್ನು ಸಭೆ ಗದ್ದಲದ ನಡುವೆ ಕೇಳುತ್ತಿತ್ತು, ಅಥವಾ ಕೇಳುತ್ತಲೇ ಇರಲಿಲ್ಲ.

ಹಾಗಿದ್ದೂ ಆ ತುಟಿಯಾಟವನ್ನು ಬರಿಯ ಅಗ್ಗದ ಅನುಕರಣೆಯೆಂದು ತಳ್ಳಿಹಾಕುವುದು ನ್ಯಾಯವಲ್ಲ. ಕುಣಿಯುವ ಹುಡುಗಿಯೆಂಬ ಮಾತಿಗೆ ಸವದತ್ತಿಯ ಸುತ್ತಮುತ್ತ ಭಾರವಾದ ಅರ್ಥವಿತ್ತು. ಎಲ್ಲಮ್ಮನ ಗುಡ್ಡಕ್ಕೆ ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳ ಬಾಳು ಏನಾಗುತ್ತಿತ್ತೆಂಬುದನ್ನು ಊರು ಕಣ್ಣಾರೆ ಕಂಡಿತ್ತು. ಆ ಪದ್ಧತಿಯನ್ನು ನಿಷೇಧಿಸಿ ಕರ್ನಾಟಕ ಸರಕಾರ 1982ರಲ್ಲಿ ಕಾಯಿದೆ ರೂಪಿಸಿದರೂ ಅಂಜಿಕೆ ಮನಸ್ಸಿನಿಂದ ಅಳಿಯಲಿಲ್ಲ. ಜಾತ್ರೆಯ ಡೇರೆಗಳಲ್ಲಿ ನಡೆಯುತ್ತಿದ್ದ ರೆಕಾರ್ಡ್ ಡ್ಯಾನ್ಸುಗಳಿಂದ ಆ ಹೆಸರಿಗೇ ಮಸಿ ಅಂಟಿತ್ತು. ಆದ್ದರಿಂದ ಏಳನೆಯ ತರಗತಿ ಮುಗಿಯುವುದರೊಳಗೆ ಎಷ್ಟೋ ಬಾಲಕಿಯರ ಕುಣಿತ ಮುಗಿಯುತ್ತಿತ್ತು. “ಇನ್ನ ಸಾಕವ್ವಾ, ದೊಡ್ಡಾಕಿ ಆದಿ” ಎಂದು ತಾಯಿ ಹೇಳಿದರೆ ಅದಕ್ಕೆ ಮೇಲ್ಮನವಿಯಿಲ್ಲ.

ಇಂಥ ಮನೆಗಳ ಹುಡುಗಿಗೆ ಗ್ಯಾದರಿಂಗಿನ ನಾಲ್ಕು ನಿಮಿಷವೊಂದೇ ನಿರಪಾಯವಾದ ಅವಕಾಶ. ಸುತ್ತ ಮಾಸ್ತರರು, ಎದುರಿಗೆ ತಂದೆತಾಯಿಗಳು, ಹಿಂದೆ ಶಾಲೆಯ ಹೆಸರು ಬರೆದ ಪರದೆ. ಹಾಡಿನಲ್ಲಿ ಇನಿಯನೂ ಇದ್ದ, ವಿರಹವೂ ಇತ್ತು. ಮನೆಯ ಪಡಸಾಲೆಯಲ್ಲಿ ಆ ಮಾತುಗಳಲ್ಲಿ ಒಂದನ್ನು ತನ್ನ ದನಿಯಿಂದ ಆಡಿದ್ದರೂ ಬೆನ್ನಿಗೆ ಗುದ್ದು ಬೀಳುತ್ತಿತ್ತು. ವೇದಿಕೆಯ ಮೇಲೆ ಆಡಿದವಳು ಅವಳಲ್ಲ, ಕ್ಯಾಸೆಟ್ಟು! ತುಟಿ ಮಾತ್ರ ಅವಳದು. ನೋಡುವವರೂ ಹಾಗೆಂದೇ ಒಪ್ಪಿಕೊಂಡು ನೋಡುತ್ತಿದ್ದರು. ಸಾವಿರ ಜನರೆದುರು ಒಲವಿನ ಮಾತನ್ನಾಡಿಯೂ ಆಡದಂತಿರಬಲ್ಲ ಆ ಅನುಕೂಲವನ್ನು ಬೇರೆ ಯಾವ ಕಲೆಯೂ ಅವಳಿಗೆ ಕೊಟ್ಟಿರಲಿಲ್ಲ.

ಪರೀಕ್ಷೆಯ ಗಳಿಗೆ ಬರುತ್ತಿದ್ದುದು ಕರೆಂಟು ಹೋದಾಗ. ನಡುಹಾಡಿನಲ್ಲಿ ದೀಪ ಆರುವುದು. ಧ್ವನಿವರ್ಧಕ ಬಾಯಿ ಮುಚ್ಚುವುದು. ತೆರೆದ ತುಟಿ ತೆರೆದಂತೆಯೇ ನಿಂತ ಎಂಟು ಮಕ್ಕಳು ಕತ್ತಲೆಯಲ್ಲಿ. ಹಿಂದಿನಿಂದ ಹುಡುಗರ ಸಿಳ್ಳು, ಕೇಕೆ. ಗ್ಯಾಸ್‌ಬತ್ತಿಗಾಗಿ ಯಾರೋ ಓಡುತ್ತಿರುವಾಗ ತಾಯಂದಿರ ಕಡೆಯಿಂದ ಮೆಲ್ಲಗೆ ಹಾಡು ಏಳುವುದೂ ಉಂಟು. ಧಾರವಾಡದ ಆಕಾಶವಾಣಿ 1950ರ ಜನವರಿಯಲ್ಲಿ ಆರಂಭವಾದಂದಿನಿಂದ ರೇಡಿಯೋ ಕೇಳಿ ಬೆಳೆದ ಮನೆಗಳವು. ಸಿನಿಮಾ ಹಾಡಿಗಾಗಿ 1952ರಿಂದ ಸಿಲೋನಿನ ಬಿನಾಕಾ ಗೀತಮಾಲೆಗೂ, 1957ರಿಂದ ವಿವಿಧಭಾರತಿಗೂ ಕಿವಿಗೊಟ್ಟವು. ಸೊಂಟದ ಮೇಲೊಂದು ಕೂಸನ್ನು ಇಟ್ಟುಕೊಂಡೇ ಇಡೀ ಚರಣವನ್ನು ತಪ್ಪಿಲ್ಲದೆ ಹಾಡಬಲ್ಲವರು ಆ ಗುಂಪಿನಲ್ಲಿ ಅನೇಕರಿದ್ದರು. ಅಂಥ ಇರುಳಿನಲ್ಲಿ ಮಕ್ಕಳು ತಮ್ಮ ತಾಯಂದಿರ ದನಿಗೆ ತುಟಿಯಾಡಿಸಿ ಕುಣಿದು ಮುಗಿಸಿದ್ದೂ ಉಂಟು.

ಇದೇ ಕಾಲದಲ್ಲಿ ಪಶ್ಚಿಮದಲ್ಲಿ ಇಂಥದೇ ಒಂದು ಅಪಘಾತ ಜಗದ್ವಿಖ್ಯಾತವಾಯಿತು. ಮಿಲ್ಲಿ ವೆನಿಲ್ಲಿ ಎಂಬ ಜೋಡಿ 1989ರಲ್ಲಿ ಅಮೆರಿಕೆಯ ಒಂದು ವೇದಿಕೆಯ ಮೇಲಿದ್ದಾಗ ಯಂತ್ರ ತೊಡರಿ, ಹಾಡಿನ ಒಂದೇ ತುಣುಕು ಮತ್ತೆ ಮತ್ತೆ ನುಡಿಯತೊಡಗಿತು. ಧ್ವನಿಮುದ್ರಿಕೆಯಲ್ಲಿದ್ದ ಕಂಠ ಅವರದಲ್ಲವೆಂಬುದು ಮರುವರ್ಷ ಬಯಲಾಗಿ, ಅವರಿಗೆ ದೊರೆತಿದ್ದ ಗ್ರ್ಯಾಮಿ ಪ್ರಶಸ್ತಿಯನ್ನು 1990ರ ನವೆಂಬರಿನಲ್ಲಿ ಹಿಂದಕ್ಕೆ ಪಡೆಯಲಾಯಿತು. ಬೈಲಹೊಂಗಲದಲ್ಲಿ ಟೇಪು ತೊಡರಿದರೆ ಅಷ್ಟು ರಾದ್ಧಾಂತವಿಲ್ಲ. ಮಾಸ್ತರರು ಪೆನ್ಸಿಲು ಹಿಡಿದು ಎದ್ದರೆ ಮುಗಿಯಿತು. ಉಕ್ಕಿನ ತಟ್ಟೆ, ಚಮಚದ ಬಹುಮಾನಗಳನ್ನು ಯಾರೂ ಹಿಂದಕ್ಕೆ ಕೇಳುತ್ತಿರಲಿಲ್ಲ.

ಇದೇ ಜಿಲ್ಲೆಯ ಸೂಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರನೆಂಬ ಬಾಲಕ ಗ್ರಾಮಫೋನಿನ ತಟ್ಟೆಯ ಎದುರು ಕುಳಿತು ಇನ್ನೊಂದು ಬಗೆಯ ಅನುಕರಣೆ ಮಾಡಿದ್ದ. ದೊಡ್ಡ ದೊಡ್ಡ ಉಸ್ತಾದರ ಮುದ್ರಿಕೆಗಳನ್ನು ಒಮ್ಮೆ ಕೇಳಿದರೆ ಸಾಕು, ತಾನುಗಳ ಸಮೇತ ತನ್ನ ಎಳೆಯ ಗಂಟಲಿನಿಂದ ಹಾಗೆಯೇ ತೆಗೆದು ಒಪ್ಪಿಸುತ್ತಿದ್ದನಂತೆ. ಹತ್ತು ಹನ್ನೆರಡರ ಪ್ರಾಯದಲ್ಲೇ ದೊಡ್ಡ ಸಭೆಗಳನ್ನು ಬೆರಗುಗೊಳಿಸಿದ ಆ ಹುಡುಗನೇ ಕುಮಾರ ಗಂಧರ್ವ. ಮುಂದೆ ಮುಂಬಯಿಯಲ್ಲಿ ದೇವಧರ ಮಾಸ್ತರರ ಬಳಿ ವರ್ಷಗಟ್ಟಲೆ ಕಲಿತು, ಎರವಲು ದನಿಗಳನ್ನೆಲ್ಲ ಕಳಚಿ, ತನ್ನದೆಂಬ ದನಿಯನ್ನು ಅವರು ಕಂಡುಕೊಂಡರು. ಎಲ್ಲ ಮಕ್ಕಳೂ ಕುಮಾರ ಗಂಧರ್ವರಾಗಲಾರರು. ಆ ಆರೋಪವನ್ನು ಪಾಪ ಕ್ಯಾಸೆಟ್ಟಿನ ಮೇಲೆ ಹೊರಿಸಲಾಗದು.

ಈಚಿನ ವರ್ಷಗಳಲ್ಲಿ ತುಟಿಯಾಟ ಶಾಲೆಯ ವೇದಿಕೆಯಿಂದ ಇಳಿದು ಅಂಗೈಯೊಳಗಿನ ಫೋನಿಗೆ ಸೇರಿತು. ಸರಕಾರ 2020ರ ಜೂನ್ 29ರಂದು ಟಿಕ್‌ಟಾಕ್ ನಿಷೇಧಿಸುವ ಹೊತ್ತಿಗೆ ಜೋಳದ ಹೊಲದ ಬದುವಿನಲ್ಲಿ ನಿಂತು ತುಟಿಯಾಡಿಸಿದ ಸೊಸೆಯಂದಿರೂ ಅತ್ತೆಯಂದಿರೂ ಬೇಕಾದಷ್ಟಾಗಿದ್ದರು. ಆ ಬಳಿಕ ಅವರು ಬೇರೆ ಬೇರೆ ಅಂಗಳಗಳನ್ನು ಹುಡುಕಿಕೊಂಡರು. ಗ್ಯಾದರಿಂಗಿನಲ್ಲಿ ಈಗ ಪೆನ್ಸಿಲಿನ ಕೆಲಸವಿಲ್ಲ, ಪೆನ್‌ಡ್ರೈವ್ ಇದೆ.

ಇದರ ಜೊತೆಗೆ ಇನ್ನೊಂದು ಸಂಭ್ರಮ ಈ ಊರುಗಳಲ್ಲಿ ಬಳಕೆಗೆ ಬಂದಿದೆ: ಹಳೆಯ ವಿದ್ಯಾರ್ಥಿಗಳು ಒಂದುಗೂಡಿ ನಡೆಸುವ ಗುರುವಂದನೆ. ಇಪ್ಪತ್ತೈದು ಮೂವತ್ತು ವರ್ಷಗಳ ಹಿಂದೆ ಒಂದೇ ಬೆಂಚಿನಲ್ಲಿ ಕುಳಿತವರು ಒಂದೇ ಬಣ್ಣದ ಸೀರೆ ಉಟ್ಟು ಬರುತ್ತಾರೆ. ನಿವೃತ್ತರಾದ ಮಾಸ್ತರರಿಗೆ ಶಾಲು ಹೊದಿಸುತ್ತಾರೆ. ಅಗಲಿದ ಗುರುಗಳಿಗಾಗಿ ಎರಡು ನಿಮಿಷ ಮೌನವಾಗಿ ನಿಲ್ಲುತ್ತಾರೆ. ಊಟದ ಮುಂಚೆ ಯಾರಾದರೊಬ್ಬರು ಹಳೆಯ ಹಾಡನ್ನು ನೆನಪಿಸದೆ ಇರುವುದಿಲ್ಲ. ಸೆರಗು ಸಿಕ್ಕಿಸಿಕೊಂಡು, ನಗುತ್ತ, ಒಬ್ಬರನ್ನೊಬ್ಬರು ಮುಂದೆ ತಳ್ಳುತ್ತ, ಅಂದಿನ ಎಂಟು ಮಂದಿಯಲ್ಲಿ ಬಂದ ಐದಾರು ಮಂದಿ ವೇದಿಕೆ ಏರುತ್ತಾರೆ. ಕಂಠವನ್ನು ತೆಗೆದು ವಾದ್ಯವನ್ನಷ್ಟೇ ಉಳಿಸಿದ ಕರಾವೋಕೆ ಮುದ್ರಿಕೆಗಳೂ ಈಗ ಸುಲಭವಾಗಿ ದೊರೆಯುವುದರಿಂದ ಮೈಕಿನ ಹುಡುಗ ವಿನಯದಿಂದ ಕೇಳುತ್ತಾನೆ: “ಅಕ್ಕಾರ, ದನಿ ಇದ್ದದ್ದು ಹಚ್ಚಲ್ಯೋ, ಬರೇ ಮ್ಯೂಸಿಕ್ ಹಚ್ಚಲ್ಯೋ?”

ಗೆಳತಿಯರು ಅರೆಗಳಿಗೆ ಮುಖ ಮುಖ ನೋಡಿಕೊಳ್ಳುತ್ತಾರೆ.

“ದನಿ ಇದ್ದದ್ದ ಹಚ್ಚೋ ತಮ್ಮಾ,” ಎನ್ನುತ್ತಾಳೆ ಮುಂದಿನ ಸಾಲಿನವಳು.